ಇ-ಮೇಲಿನಲ್ಲಿ ಮೊದಲ ತಾಂಬೂಲ

ಉಮಾಶಂಕರನ ಅಂದಿನ ಕಷ್ಟಕ್ಕೆಲ್ಲ ಮೂಲ ಇಂಗ್ಲಿಷ್ ಅಕ್ಷರಮಾಲೆ. ಅದನ್ನು ಹಾಗೆ ಜೋಡಿಸಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅವನು ಯಾರೇ ಆಗಿರಲಿ, ಆವತಿಯ ಕಡೆ ಒಂದು ಮದುವೆಯಲ್ಲಿ ಕೂತು ಎದ್ದವನಲ್ಲ ಎಂಬುದಂತೂ ಖಂಡಿತ. ಕೂತಿದ್ದರೆ ಯಾರ ಹೆಸರು ಮೊದಲು, ಯಾರದು ಆಮೇಲೆ ಎಂದು ಹಿರಿಯರನ್ನು ಕೇಳದೆ ಎ, ಬಿ, ಸಿ ಅಂತ ಸಾಲು ಮಾಡುತ್ತಿರಲಿಲ್ಲ.

ದೊಡ್ಡಬಳ್ಳಾಪುರದ ಗುಲಾಬಿ ಬೆಳೆಗಾರರ ಸಂಘದಲ್ಲಿ ಉಮಾಶಂಕರ ಹಂಗಾಮಿ ಗುಮಾಸ್ತ. ಸೇರಿಸಿಕೊಳ್ಳುವಾಗ "ಮೂರು ತಿಂಗಳು ಹಂಗಾಮಿ, ಆಮೇಲೆ ಕಾಯಂ" ಎಂದಿದ್ದರು. ಆ ಮೂರು ತಿಂಗಳು ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ಅವನ ಹಣೆ ನೆತ್ತಿಯವರೆಗೆ ಬೆಳೆದಿತ್ತು. ಬೀದಿಯವರು ಅವನನ್ನು 'ಹಂಗಾಮಿ ಉಮಾಶಂಕರ' ಎಂದೇ ಕರೆಯುತ್ತಿದ್ದರು, ಅದು ಮನೆತನದ ಹೆಸರು ಎನ್ನುವಂತೆ. ಅವನಿಗೆ ಅದು ಮುಳ್ಳಿನಂತೆ ಚುಚ್ಚುತ್ತಿತ್ತು. ಗುಲಾಬಿ ಸಂಘದಲ್ಲಿದ್ದುದರಿಂದ ಮುಳ್ಳು ಎಂದರೆ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹಿಂದಿನ ದಿನ ಸಂಘದ ಅಧ್ಯಕ್ಷ ವೆಂಕಟರಾಯಪ್ಪನವರು ಕಚೇರಿಗೆ ಬಂದು, ಮೀಸೆ ಸವರಿಕೊಂಡು ಹೇಳಿದ್ದರು: "ನೋಡಪ್ಪಾ, ನಾಳೆ ಸಂಜೆ ನಾಲ್ಕಕ್ಕೆ ಬೆಂಗಳೂರಿನ ಕಂಪನಿಯೋರು ಕರಾರಿಗೆ ಬರ್ತಾರೆ. ಸದಸ್ಯರು ಒಬ್ರೂ ತಪ್ಪಬಾರ್ದು. ಎಲ್ರೂ ಕೂತಿದ್ರೆ ಕರಾರಿಗೆ ಸೈನ್ ಹಾಕ್ತೀನಿ, ಅದೇ ಪೆನ್ನಲ್ಲಿ ನಿನ್ನ ಕಾಯಂ ಆರ್ಡರಿಗೂ ಹಾಕ್ತೀನಿ. ಒಬ್ಬ ತಪ್ಪಿದ್ನೋ, ಪೆನ್ನು ಜೇಬಿಂದ ಆಚೆ ಬರಲ್ಲ."

"ಎಲ್ರನ್ನೂ ಕೂರಿಸ್ತೀನಿ ಸಾರ್" ಎಂದ ಉಮಾಶಂಕರ. ಕಾಯಂ ಆರ್ಡರನ್ನು ಅವನೇ ಟೈಪ್ ಮಾಡಿ, ತಪ್ಪಿದ್ದಲ್ಲಿ ತಿದ್ದಿ, ಮೇಜಿನ ಗಾಜಿನ ಕೆಳಗೆ ಇಟ್ಟಿದ್ದ. ಸೈನ್ ಒಂದೇ ಬಾಕಿ. ನಾಳೆ ಏನೇ ಆದರೂ ಹಾಕಿಸಿಯೇ ತೀರುವುದು ಎಂದು ಹಲ್ಲು ಕಚ್ಚಿ ನಿರ್ಧರಿಸಿದ.

ಕರೆಯುವುದೇನೂ ಕಷ್ಟವಿರಲಿಲ್ಲ. ಬೆಳೆಗಾರರೆಲ್ಲ ಬೆಳಿಗ್ಗೆ ಹೂವು ತಂದು ಹಾಕಿ, ಕಚೇರಿಯ ಎದುರಿಗೇ ಇದ್ದ ವಸಂತನ ಕಂಪ್ಯೂಟರ್ ಅಂಗಡಿಯ ಮುಂದೆ ಟೀ ಕುಡಿಯುತ್ತಾ ಕೂರುತ್ತಿದ್ದರು. ಆದರೆ ಕಂಪನಿಯ ಅಧಿಕಾರಿ ಅಂಜನ್ ಒಂದು ಷರತ್ತು ಹಾಕಿದ್ದ. ಹೊರದೇಶಕ್ಕೆ ಹೂವು ಕಳಿಸುವ ವ್ಯವಹಾರ, ಸದಸ್ಯರಿಗೆಲ್ಲ ಇ-ಮೇಲ್ ವಿಳಾಸ ಇರಬೇಕು, ಸಭೆಗೂ ಇ-ಮೇಲಿನಲ್ಲೇ ಕರೆಯಬೇಕು. ಹಾಗಾಗಿ ವಸಂತನೇ ಎಲ್ಲರ ಹೆಸರಿನಲ್ಲೂ ಒಂದೊಂದು ವಿಳಾಸ ತೆರೆದಿದ್ದ. ಕಾಗದ ಅವನ ಅಂಗಡಿಯ ಕಂಪ್ಯೂಟರಿಗೆ ಬರುತ್ತಿತ್ತು. ಅವನು ಪ್ರಿಂಟ್ ತೆಗೆದು ಮಡಿಸಿ, ಹೆಸರು ಕೂಗಿ ಕೈಗೆ ಕೊಡುತ್ತಿದ್ದ.

"ಸಾರ್, ಕಿಟಕಿ ತೆಗೆದು ಒಂದ್ಸಲ ಕೂಗಿದ್ರೆ ಎಲ್ರಿಗೂ ಕೇಳ್ಸುತ್ತೆ" ಎಂದಳು ಲೆಕ್ಕ ನೋಡುವ ಶಾಮಲಾ. ಅವಳು ಕಾಯಂ. ಹಾಗಾಗಿ ತಮಾಷೆ ಮಾಡುವ ಹಕ್ಕು ಅವಳಿಗಿತ್ತು.

"ಮೇಲಲ್ಲೇ ಕರೀಬೇಕು ಅಂದಿದಾರೆ. ಮೇಲಲ್ಲೇ ಕರೀತೀನಿ" ಎಂದ ಉಮಾಶಂಕರ.

ಕಂಪ್ಯೂಟರಿಗೆ ಕೈ ಮುಗಿದು ಮೇಲ್ ತೆರೆದ. ವಿಳಾಸಗಳ ಪುಸ್ತಕವೊಂದು ಅದರೊಳಗೇ ಇತ್ತು. ಎಲ್ಲ ವಿಳಾಸಗಳ ಮೇಲೂ ಮೌಸ್ ಎಳೆದು, ಕಪ್ಪು ಮಾಡಿ, ಕಾಪಿ ಒತ್ತಿದ. 'ಟು' ಎಂಬ ಗೆರೆಗೆ ಬಂದು ಪೇಸ್ಟ್ ಒತ್ತಿದ. ಇಡೀ ಸಂಘ ಒಂದೇ ಏಟಿಗೆ ಸಾಲಾಗಿ ಬಂದು ನಿಂತಿತು. ಕೆಳಗೆ 'ಸಭೆಗೆ ತಪ್ಪದೆ ಬರಬೇಕು' ಎಂದು ಬರೆದು, ಫೋನಿನ ತಂತಿ ಸಿಕ್ಕಿಸಿ, ಮೋಡೆಮ್ಮು ಕೋಳಿಯಂತೆ ಕೊರಕೊರ ಎಂದು ಮುಗಿಸುವ ತನಕ ಉಸಿರು ಹಿಡಿದು ಕಳಿಸಿಬಿಟ್ಟ. ಇಷ್ಟು ಸುಲಭದ ಕೆಲಸಕ್ಕೆ ತನ್ನನ್ನು ಕಾಯಂ ಮಾಡುತ್ತಾರಲ್ಲ ಎಂದು ಅವನಿಗೆ ಸ್ವಲ್ಪ ನಾಚಿಕೆಯೂ ಆಯಿತು.

ನಾಚಿಕೆ ಬಹಳ ಹೊತ್ತು ಉಳಿಯಲಿಲ್ಲ. ಆವತಿಯ ದೊಡ್ಡಬೀರಪ್ಪನವರು ಕಾಗದ ಹಿಡಿದು, ರಸ್ತೆ ದಾಟಿ, ಬಾಗಿಲು ತಳ್ಳಿಕೊಂಡು ಬಂದರು. ಅವರ ಸೀಮೆಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಮೊದಲ ತಾಂಬೂಲ ಅವರ ಮನೆತನಕ್ಕೆ. ಒಮ್ಮೆ ಯಾರೋ ತಪ್ಪಿ ಪಕ್ಕದವರಿಗೆ ಮೊದಲು ಕೊಟ್ಟಿದ್ದಕ್ಕೆ ಅವರ ತಾತ ಊಟದ ಎಲೆ ಬಿಟ್ಟು ಎದ್ದು ಹೋಗಿದ್ದರಂತೆ. ಎಲೆ ಬಿಟ್ಟ ಆ ಕತೆಯನ್ನು ಆ ಮನೆಯಲ್ಲಿ ಮಕ್ಕಳಿಗೆ ಜೋಗುಳದಂತೆ ಹೇಳುತ್ತಿದ್ದರು.

"ಏನಪ್ಪಾ ಇದು?" ದೊಡ್ಡಬೀರಪ್ಪ ಕಾಗದವನ್ನು ಮೇಜಿಗೆ ಹಾಕಿದರು. "ವಸಂತ ಓದಿ ಹೇಳ್ದ. ಮೊದಲು ಸಾಸಲಿನ ಅಕ್ಕಯಮ್ಮ. ಆಯ್ತು, ಹೆಂಗಸು, ಹೋಗ್ಲಿ. ಆಮೇಲೆ ಅಪ್ಪಯ್ಯಣ್ಣ. ಅವನ ಬೆನ್ನಿಗೆ ನನ್ನ ತಮ್ಮ ಚಿಕ್ಕಬೀರಪ್ಪ. ಅವನಾದ್ಮೇಲೆ ನಾನಾ? ನನ್ನ ಕಂಕುಳಲ್ಲಿ ಬೆಳೆದೋನು ನನಗಿಂತ ಮುಂದಾ?"

"ಇಂಗ್ಲಿಷಲ್ಲಿ ಸಿ ಆದ್ಮೇಲೆ ಡಿ ಸಾರ್. ಚಿಕ್ಕ ಆದ್ಮೇಲೆ ದೊಡ್ಡ..."

"ಚಿಕ್ಕದಾದ್ಮೇಲೆ ದೊಡ್ಡದು ಬರೋದು ಕುಂಬಳಕಾಯಿಲಿ ಕಣೋ. ಅಣ್ತಮ್ಮಂದಿರಲ್ಲಿ ಬರಲ್ಲ. ನಾನು ಸಭೆಗೆ ಬರಲ್ಲ."

ಉಮಾಶಂಕರನಿಗೆ ಗಾಜಿನ ಕೆಳಗಿನ ಆರ್ಡರ್ ಮಸುಕಾದಂತೆ ಕಂಡಿತು. "ಕೂತ್ಕೊಳಿ ಸಾರ್. ನೀವೇ ಹೇಳಿ, ಯಾರಾದ್ಮೇಲೆ ಯಾರು ಅಂತ. ನೀವು ಹೇಳಿದ ಹಾಗೇ ಹಾಕಿ ಇನ್ನೊಂದ್ಸಲ ಕಳಿಸ್ತೀನಿ" ಎಂದ.

ದೊಡ್ಡಬೀರಪ್ಪನವರು ಕುರ್ಚಿ ಎಳೆದುಕೊಂಡರು. "ಮೊದಲು ನಾನು. ನನ್ನ ಬೆನ್ನಿಗೆ ನನ್ನ ತಮ್ಮ. ಆಮೇಲೆ ನಲ್ಲೂರಿನ ಲಕ್ಷ್ಮಯ್ಯ, ಅವರಪ್ಪ ನಮ್ಮಪ್ಪನ ಪಕ್ಕ ಕೂರ್ತಿದ್ದೋನು..." ಹೀಗೆ ಶುರುವಾದ ಸಾಲು ಮೂರು ತಲೆಮಾರು ಸುತ್ತಿ, ಎರಡು ಹಳೇ ಜಗಳ ದಾಟಿ, ಕೊನೆಗೆ ಅಕ್ಕಯಮ್ಮನ ಹತ್ತಿರ ನಿಂತಿತು.

ಈಗ ಒಂದೊಂದೇ ವಿಳಾಸ ಕಾಪಿ ಮಾಡಬೇಕು, ಒಂದೊಂದೇ ಪೇಸ್ಟ್ ಮಾಡಬೇಕು. ಉಮಾಶಂಕರ ದೊಡ್ಡಬೀರಪ್ಪನ ವಿಳಾಸ ಕಾಪಿ ಮಾಡಿ ಪೇಸ್ಟ್ ಮಾಡಿದ. ಚಿಕ್ಕಬೀರಪ್ಪನದಕ್ಕೆ ಬಂದಾಗ ಮೌಸ್ ಜಾರಿತು, ಕಾಪಿ ಸರಿಯಾಗಿ ಬೀಳಲಿಲ್ಲ. ಅವನಿಗದು ತಿಳಿಯಲಿಲ್ಲ. ಪೇಸ್ಟ್ ಒತ್ತಿದ. ಒಮ್ಮೆ ಕಾಪಿ ಮಾಡಿದ್ದನ್ನು ಕಂಪ್ಯೂಟರು ಹೊಸದು ಸಿಗುವ ತನಕ ಬಾಯಲ್ಲಿ ಕಚ್ಚಿಕೊಂಡೇ ಇರುತ್ತದೆ. ಅದು ದೊಡ್ಡಬೀರಪ್ಪನನ್ನೇ ಮತ್ತೊಮ್ಮೆ ತಂದು ಕೂರಿಸಿತು. ಎರಡೂ ವಿಳಾಸದ ಬಾಲದಲ್ಲಿ ಬೀರಪ್ಪನೇ ಇದ್ದ. ಬೆವರು ಒರೆಸಿಕೊಳ್ಳುತ್ತಿದ್ದ ಉಮಾಶಂಕರ ತಲೆ ನೋಡಲಿಲ್ಲ, ಬಾಲ ನೋಡಿ ಸರಿ ಅಂದುಕೊಂಡ. ಮೋಡೆಮ್ಮು ಕೊರಕೊರ ಎಂದಿತು. ಕಾಗದ ಹೋಯಿತು.

ಟೀ ಲೋಟ ತೊಳೆಯುವಷ್ಟರಲ್ಲಿ ಚಿಕ್ಕಬೀರಪ್ಪ ಬಂದು ಬಾಗಿಲಲ್ಲಿ ನಿಂತ.

"ಸಾಸಲು, ನಲ್ಲೂರು ಎಲ್ರಿಗೂ ಎರಡನೇ ಕಾಗದ ಬಂದೈತೆ. ನನಗೆ ಇಲ್ಲ. ವಸಂತನ್ನ ಕೇಳಿದ್ರೆ, ನಿನ್ನ ಹೆಸರಿರೋ ಜಾಗದಲ್ಲಿ ನಿಮ್ಮಣ್ಣನ ಹೆಸರೇ ಎರಡು ಸಲ ಐತೆ ಅಂತಾನೆ. ಭಾಗ ಆದಾಗ ಬಾವಿ ತಗೊಂಡ, ಸುಮ್ಕಿದ್ದೆ. ಮಾವಿನ ಮರ ತಗೊಂಡ, ಸುಮ್ಕಿದ್ದೆ. ಈಗ ಮೇಲಲ್ಲೂ ನನ್ನ ಪಾಲು ತಗೊಂಡ್ನಾ?"

"ಲೇ, ನಾನೇನೂ ತಗೊಂಡಿಲ್ಲ ಕಣ್ಲಾ, ಅವನೇ ಕೊಟ್ಟಿದಾನೆ!" ಎಂದರು ದೊಡ್ಡಬೀರಪ್ಪ. ಆದರೂ ಎರಡು ಸಲ ಎಂಬುದನ್ನು ಕೇಳಿ ಅವರ ಮುಖ ಅರಳಿದ್ದು ಎಲ್ಲರಿಗೂ ಕಾಣಿಸಿತು.

ಹಿಂದೆಯೇ ಅಕ್ಕಯಮ್ಮ ಬಂದಳು. ಗಂಡ ಹೋದ ಮೇಲೆ ತಾನೇ ನಿಂತು ಪ್ಲಾಸ್ಟಿಕ್ ಮನೆ ಕಟ್ಟಿಸಿ ಗುಲಾಬಿ ಬೆಳೆದ ಹೆಣ್ಣುಮಗಳು. ಅವಳ ಗಂಟಲಿಗೆ ಹೆದರಿ ಲಾರಿಯವರು ಹಾರ್ನ್ ಹಾಕುತ್ತಿರಲಿಲ್ಲ.

"ಬೆಳಿಗ್ಗೆ ಎಲ್ರಿಗಿಂತ ಮುಂದೆ ಕೂರಿಸ್ದೆ. ಸಾಸಲಿಗೆಲ್ಲ ಫೋನ್ ಮಾಡಿ ಹೇಳ್ಬಿಟ್ಟೆ, ಕಂಪನಿಯೋರು ನನ್ನನ್ನೇ ಮೊದಲು ಕರೆದವ್ರೆ ಅಂತ. ಈಗ ನೋಡಿದ್ರೆ ಕೊನೇಲಿ! ಮಧ್ಯಾಹ್ನಕ್ಕೆ ನಾನು ಅಷ್ಟು ಸವೆದೋದ್ನಾ? ಊರಿಗೆ ಏನಂತ ಮುಖ ತೋರಿಸ್ಲಿ?"

ಮೂವರೂ ಒಟ್ಟಿಗೆ ಮಾತಾಡತೊಡಗಿದರು. ಕಿಟಕಿಯಾಚೆಯಿಂದ ವಸಂತ ಕೂಗಿದ: "ಗುರು, ಬಿಸಿಸಿ ಅಂತ ಒಂದು ಗೆರೆ ಇದೆ ನೋಡು. ಅಲ್ಲಿ ಪೇಸ್ಟ್ ಮಾಡಿದ್ರೆ ಯಾರ ಹೆಸರೂ ಯಾರಿಗೂ ಕಾಣಲ್ಲ!"

ಯಾರೂ ಮೊದಲಲ್ಲ, ಯಾರೂ ಕೊನೆಯಲ್ಲ. ಇದಕ್ಕಿಂತ ದೊಡ್ಡ ನ್ಯಾಯ ಉಂಟೇ ಎಂದುಕೊಂಡ ಉಮಾಶಂಕರ. ಹೊಸ ಕಾಗದ ಬರುತ್ತೆ ಎಂದು ಮೂವರನ್ನೂ ಅಂಗಡಿಗೆ ಸಾಗಹಾಕಿ, ಊಟದ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿ, ಎಲ್ಲರನ್ನೂ ಆ ಗೆರೆಯೊಳಗೆ ಬಚ್ಚಿಟ್ಟು ಕಳಿಸಿದ. ಈ ಸಲ ಒಬ್ಬರೂ ಕಚೇರಿಗೆ ಬರಲಿಲ್ಲ. ಅವನಿಗೆ ಸಮಾಧಾನವಾಯಿತು. ಕಿಟಕಿಯಿಂದ ಇಣುಕಿದ ಮೇಲೆ ಅದು ಹೋಯಿತು. ಬೆಳೆಗಾರರೆಲ್ಲ ಎದ್ದು, ಹೆಗಲಿಗೆ ಟವಲ್ ಹಾಕಿಕೊಂಡು, ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದರು.

ಉಮಾಶಂಕರ ಚಪ್ಪಲಿ ಹುಡುಕದೆ ಓಡಿದ.

"ಯಾಕೆ ಸಾರ್? ಈಗ ಯಾರ ಹೆಸರೂ ಇಲ್ವಲ್ಲ!"

"ಅದಕ್ಕೇ ಕಣಪ್ಪಾ" ಎಂದರು ದೊಡ್ಡಬೀರಪ್ಪ. ಅವರ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. "ತಿಥಿ ಕಾಗದಕ್ಕೂ ಮೇಲೆ ಹೆಸರು ಬರೀತಾರೆ. ಹೆಸರಿಲ್ಲದ ಕಾಗದ ಕೊಟ್ರೆ ಬರಬೇಡಿ ಅಂತ ತಾನೇ ಅರ್ಥ? ಅದನ್ನ ನೇರವಾಗಿ ಹೇಳಬಹುದಿತ್ತು."

"ಹಿಂದೆ ಇದ್ರೂ ಪರವಾಗಿಲ್ಲ, ಹೆಸರು ಅಂತ ಒಂದಿತ್ತು" ಎಂದ ಚಿಕ್ಕಬೀರಪ್ಪ, ಅಣ್ಣನ ಪಕ್ಕದಲ್ಲೇ ನಿಂತು. ಅಣ್ಣ ತಮ್ಮ ಒಂದೇ ಮಾತಾಡಿದ್ದು ಭಾಗವಾದ ಮೇಲೆ ಇದೇ ಮೊದಲು.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಬಸ್ಸು ಹತ್ತಿ ತಾವೂ ಹೋಗಿಬಿಡುತ್ತಿದ್ದರು. ಉಮಾಶಂಕರ ಹೋಗಲಿಲ್ಲ. ರಸ್ತೆಗೆ ಅಡ್ಡ ನಿಂತು ಎರಡೂ ಕೈ ಮುಗಿದ. "ಅರ್ಧ ಗಂಟೆ ಕೊಡಿ. ಒಬ್ಬೊಬ್ರಿಗೂ ಬೇರೆ ಬೇರೆ ಕಾಗದ ಬರುತ್ತೆ. ಅದರಲ್ಲಿ ನಿಮ್ಮ ಹೆಸರು ಬಿಟ್ಟು ಇನ್ನೊಬ್ರ ಹೆಸರು ಇರಲ್ಲ. ಇದ್ರೆ ನಾನೇ ನಿಮ್ಮ ಹೂವಿನ ಬುಟ್ಟಿ ಹೊತ್ಕೊಂಡು ಸಾಸಲಿಗೆ ನಡ್ಕೊಂಡ್ಬರ್ತೀನಿ."

"ಸಾಸಲಿಗೆ ಬೇಡ, ಆವತಿಗೆ ಮೊದಲು" ಎಂದರು ದೊಡ್ಡಬೀರಪ್ಪ. ಆದರೂ ತಿರುಗಿ ಬಂದು ಬೆಂಚಿನ ಮೇಲೆ ಕೂತರು.

ಆಮೇಲೆ ಉಮಾಶಂಕರ ಮಾಡಿದ ಕೆಲಸವನ್ನು ನೋಡಿ ಶಾಮಲಾ ಕೂಡ ತಮಾಷೆ ನಿಲ್ಲಿಸಿದಳು. ಒಂದು ವಿಳಾಸ ಕಾಪಿ, ಒಂದು ಪೇಸ್ಟ್, ಅಕ್ಷರ ಅಕ್ಷರ ಬೆರಳಿಟ್ಟು ನೋಡುವುದು, ಕಳಿಸುವುದು. ಮತ್ತೆ ಒಂದು ಕಾಪಿ, ಒಂದು ಪೇಸ್ಟ್. ನಡುವೆ ಕರೆಂಟು ಹೋಯಿತು. ಬಂತು. ಮೊದಲಿಂದ ಮಾಡಿದ. ಫೋನಿನ ಲೈನು ಕಡಿಯಿತು. ಮತ್ತೆ ಸಿಕ್ಕಿಸಿದ. ಕಾಯಂ ಆಗಬೇಕೆಂಬ ಆಸೆ ಮನುಷ್ಯನ ಬೆರಳುಗಳಿಗೆ ಎಂಥ ಬಲ ಕೊಡುತ್ತದೆ ಎಂಬುದನ್ನು ಅವತ್ತು ಆ ಕೀಬೋರ್ಡು ಕಂಡಿತು.

ಎದುರಿನ ಅಂಗಡಿಯಲ್ಲಿ ವಸಂತ ಒಂದೊಂದೇ ಹೆಸರು ಕೂಗಿ ಕಾಗದ ಕೊಟ್ಟ. ಪಡೆದವರೆಲ್ಲ ಕಾಗದವನ್ನು ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ. ಪ್ರತಿಯೊಬ್ಬನೂ ತಾನೇ ಮೊದಲು, ತಾನೇ ಕೊನೆ, ನಡುವೆಯೂ ತಾನೇ. ಅಕ್ಕಯಮ್ಮ ಸಾಸಲಿಗೆ ಮತ್ತೆ ಫೋನ್ ಮಾಡಿದಳು.

ನಾಲ್ಕಕ್ಕೆ ಮುಂಚೆಯೇ ಸಭೆಯ ಕೋಣೆ ತುಂಬಿತು. ಅಂಜನ್ ಕಾರಿನಿಂದಿಳಿದು ಬಂದು, ಎಲ್ಲರ ಕೈಯಲ್ಲೂ ಇ-ಮೇಲ್ ನೋಡಿ ಬೆರಗಾದ. "ಫೆಂಟಾಸ್ಟಿಕ್! ಬೆಂಗಳೂರಲ್ಲೇ ನಮ್ ಆಫೀಸಿನೋರು ಮೇಲ್ ಕಳ್ಸಿದ್ರೆ ಓದಲ್ಲ. ನಿಮ್ಮೋರು ಕೈಯಲ್ಲೇ ಹಿಡ್ಕೊಂಡಿದಾರೆ!" ಉಮಾಶಂಕರ ಗಾಜಿನ ಕೆಳಗಿಂದ ಆರ್ಡರ್ ತೆಗೆದು, ಊದಿ, ಅಧ್ಯಕ್ಷರ ಕುರ್ಚಿಯ ಮುಂದೆ ಕರಾರಿನ ಪಕ್ಕದಲ್ಲಿಟ್ಟ.

ಕುರ್ಚಿ ಖಾಲಿ ಇತ್ತು.

ನಾಲ್ಕಾಯಿತು. ನಾಲ್ಕೂಕಾಲು ಆಯಿತು. ಅಂಜನ್ ವಾಚು ನೋಡಿದ. ಉಮಾಶಂಕರ ಹಿಂದಿನ ಬೀದಿಯಲ್ಲಿದ್ದ ಅಧ್ಯಕ್ಷರ ಮನೆಗೆ ಓಡಿದ. ವೆಂಕಟರಾಯಪ್ಪನವರು ಜರಿ ಪಂಚೆ ಉಟ್ಟು, ಹೊಸ ಶಲ್ಯ ಹೊದ್ದು, ಜಗಲಿಯ ಮೇಲೆ ಕಲ್ಲಿನಂತೆ ಕೂತಿದ್ದರು.

"ಬನ್ನಿ ಸಾರ್, ಎಲ್ರೂ ಬಂದ್ಬಿಟ್ರು! ಒಬ್ರೂ ತಪ್ಪಿಲ್ಲ!"

"ಕರೆಸ್ಕೊಂಡೋರು ಬಂದವ್ರೆ" ಎಂದರು ಅಧ್ಯಕ್ಷರು ಕಂಬದ ಕಡೆ ನೋಡುತ್ತಾ. "ಬೆಳಿಗ್ಗೆಯಿಂದ ಈ ಬೀದೀಲಿ ಹೋಗೋರು ಬರೋರೆಲ್ಲ ಕಾಗದ ತೋರಿಸ್ಕೊಂಡು ಹೋದ್ರು. ಒಬ್ಬೊಬ್ರಿಗೆ ನಾಲ್ಕು ನಾಲ್ಕು ಕಾಗದವಂತೆ. ಅಕ್ಕಯಮ್ಮ ಜಗಲಿ ಹತ್ತಿ ತೋರಿಸಿ ಹೋದ್ಲು. ನನಗೆ ಒಂದಾದ್ರೂ ಬಂತಾ?"

ಉಮಾಶಂಕರನಿಗೆ ಆಗ ಹೊಳೆಯಿತು. ಸಂಘದ ಕಂಪ್ಯೂಟರಿನ ವಿಳಾಸ ಇದ್ದುದೇ ಅಧ್ಯಕ್ಷರ ಹೆಸರಿನಲ್ಲಿ. ಕಳಿಸುವವರು ಅವರೇ ಆದ್ದರಿಂದ ಕರೆಯಬೇಕಾದವರ ಜೊತೆ ಅವರ ವಿಳಾಸ ಇರಲೇ ಇಲ್ಲ. ಇಲ್ಲದ್ದನ್ನು ಎಷ್ಟು ಸಲ ಕಾಪಿ ಮಾಡಿದರೂ ಪೇಸ್ಟ್ ಆಗುವುದಿಲ್ಲ.

"ನೀವೇ ಸಾರ್ ಸಭೆ ಕರೆದಿರೋದು! ಈಗ ಬಾಯಲ್ಲಿ ಕರೀತಿದೀನಿ, ಬನ್ನಿ."

"ಅವರಿಗೆಲ್ಲ ಮೇಲು, ನನಗೆ ಬಾಯಿಮಾತಾ? ಕರೀದೆ ಬಂದ ಅಂತ ನಾಳೆ ಆಡ್ಕೊಳ್ಳಲ್ವಾ?"

ಉಮಾಶಂಕರ ವಾದ ಮಾಡಲಿಲ್ಲ. ಓಡಿದ. ಹಳೆಯ ಕಾಗದವೊಂದರಲ್ಲಿ ಅಧ್ಯಕ್ಷರ ವಿಳಾಸ ಹುಡುಕಿ, ಕಾಪಿ ಮಾಡಿ, ಪೇಸ್ಟ್ ಮಾಡಿ, ಎರಡೆರಡು ಸಲ ನೋಡಿ ಕಳಿಸಿದ. ಕಾಗದ ಬೆಂಗಳೂರಿಗೆ ಹೋಗಿ, ಸುತ್ತಿ ಬಂದು, ಅದೇ ಕಂಪ್ಯೂಟರಿಗೆ ಬಿತ್ತು. ಪ್ರಿಂಟ್ ತೆಗೆದು, ಮೂಲೆಗೆ ಅರಿಶಿನ ಹಚ್ಚಿ, ಉಸಿರು ಬಿಡದೆ ಓಡಿ ಹೋಗಿ ಅಧ್ಯಕ್ಷರ ಕೈಗೆ ಕೊಟ್ಟ.

ವೆಂಕಟರಾಯಪ್ಪನವರ ಮುಖ ಸಡಿಲವಾಯಿತು. ಶಲ್ಯ ಸರಿಮಾಡಿಕೊಂಡು ಎದ್ದೂ ನಿಂತರು. ಕನ್ನಡಕ ಹಾಕಿಕೊಂಡು, ಅರಿಶಿನದ ಪಕ್ಕದ ಇಂಗ್ಲಿಷ್ ಗೆರೆಗಳನ್ನು ಕೂಡಿಸಿ ಕೂಡಿಸಿ ಓದಿದರು. ಮತ್ತೆ ಕೂತರು.

"ಯಾರಿಗೆ ಅನ್ನೋ ಕಡೆ ವೆಂಕಟರಾಯಪ್ಪ ಅಂತ ಐತೆ. ಸರಿ. ಕರೆಯೋರು ಯಾರು ಅನ್ನೋ ಕಡೆ ಓದು."

"ವೆಂಕಟರಾಯಪ್ಪ... ಅಂತಾನೇ ಇದೆ ಸಾರ್."

"ಅಂದ್ರೆ ನನ್ನನ್ನ ನಾನೇ ಕರ್ಕೊಂಡೆ!" ಅವರ ಶಲ್ಯ ನಡುಗಿತು. "ಊರಲ್ಲಿ ಒಬ್ರೂ ಕರೀಲಿಲ್ಲ ಅಂತ ತನಗೆ ತಾನೇ ಕಾಗದ ಬರ್ಕೊಂಡ, ಅರಿಶಿನಾನೂ ಹಚ್ಕೊಂಡ ಅನ್ನಲ್ವಾ? ಮಾನ ಇರೋನು ಮಾಡೋ ಕೆಲ್ಸನಾ ಇದು? ಬೇಡ ಬೇಡ, ಈ ಅಧ್ಯಕ್ಷಗಿರೀನೇ ಬೇಡ!" ಎಂದವರೇ ಆ ಕಾಗದವನ್ನೇ ತಿರುಗಿಸಿ, ಅದರ ಬೆನ್ನಿಗೆ ರಾಜೀನಾಮೆ ಬರೆದು, ಸೈನ್ ಹಾಕಿ, ಪೆನ್ನನ್ನು ಜೇಬಿಗಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಭೆಗೆ ಬಂದ ಉಮಾಶಂಕರನ ಕೈಯಿಂದ ಕಾಗದ ತೆಗೆದುಕೊಂಡು ಓದಿದವಳು ಶಾಮಲಾ. ಅಂಜನ್ ಎದ್ದೇ ಬಿಟ್ಟ. "ಅಧ್ಯಕ್ಷರಿಲ್ಲ ಅಂದ್ರೆ ಕರಾರೂ ಇಲ್ಲ. ಸಾರಿ."

"ಇರಿ ಸಾರ್" ಎಂದು ಶಾಮಲಾ ಸಂಘದ ನಿಯಮ ತೆಗೆದಳು. ಸಂಘಕ್ಕೆ ಉಪಾಧ್ಯಕ್ಷ ಇರಲಿಲ್ಲ. ಎರಡನೆಯವನಾಗಲು ಯಾರೂ ಒಪ್ಪಿರಲಿಲ್ಲ. ಅದಕ್ಕೇ ಅಧ್ಯಕ್ಷರ ಸ್ಥಾನ ತೆರವಾದರೆ ಹೊಸಬರು ಬರುವ ತನಕ ಕಚೇರಿಯ ಗುಮಾಸ್ತನೇ ಅಧ್ಯಕ್ಷ, ಹಂಗಾಮಿಯಾಗಿ, ಎಂದು ಬರೆದಿಟ್ಟಿದ್ದರು.

"ಸರಿ ಬಿಡು, ಇವನಾದ್ರೆ ಜಗಳವಿಲ್ಲ" ಎಂದರು ದೊಡ್ಡಬೀರಪ್ಪ. "ಇವನ ಮನೆಗೆ ಯಾರೂ ಮೊದಲ ತಾಂಬೂಲ ಕೊಟ್ಟಿಲ್ಲ, ಕೊನೇದೂ ಕೊಟ್ಟಿಲ್ಲ." ಎಲ್ಲರೂ ತಲೆಯಾಡಿಸಿದರು. ಉಮಾಶಂಕರನನ್ನು ಹಿಡಿದು ಆ ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. ಅವನು ಕರಾರಿಗೆ ಸೈನ್ ಹಾಕಿದ. ಚಪ್ಪಾಳೆ ಬಿತ್ತು. ಅಂಜನ್ ಕೈ ಕುಲುಕಿ ಕಾರು ಹತ್ತಿದ.

ಮೇಜಿನ ಮೇಲೆ ಇನ್ನೊಂದು ಕಾಗದ ಉಳಿದಿತ್ತು. ಪೆನ್ನು ಅವನ ಕೈಯಲ್ಲೇ ಇತ್ತು. ಇಷ್ಟು ವರ್ಷ ಕಾದದ್ದು ಇನ್ನು ಒಂದು ಗೀಟಿನ ದೂರದಲ್ಲಿತ್ತು. ಆರ್ಡರನ್ನು ಹತ್ತಿರ ಎಳೆದುಕೊಂಡು ಪೆನ್ನು ಊರಿದ.

"ಏನಪ್ಪಾ ಅದು?" ಅಕ್ಕಯಮ್ಮ ಬಗ್ಗಿ ನೋಡಿದಳು.

"ನನ್ನ ಕಾಯಂ ಆರ್ಡರು ಅಕ್ಕಾ."

"ಕೊಡೋರು ಯಾರು?"

"ಅಧ್ಯಕ್ಷರು... ಅಂದ್ರೆ ಈಗ... ನಾನು."

"ತಗೊಳ್ಳೋನು?"

ಉಮಾಶಂಕರ ತಲೆಯೆತ್ತಿದ. ಕೋಣೆಯಲ್ಲಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು.

"ನೋಡು ಮಗಾ" ಎಂದರು ದೊಡ್ಡಬೀರಪ್ಪ, ಅವನ ಹೆಗಲ ಮೇಲೆ ಕೈಯಿಟ್ಟು, ಬಹಳ ಪ್ರೀತಿಯಿಂದ. "ವೆಂಕಟರಾಯಪ್ಪನಂಥೋನೇ ತನ್ನನ್ನ ತಾನು ಕರ್ಕೊಳೋಕೆ ಆಗ್ದೆ ಪದವಿ ಬಿಟ್ಟ. ಈಗ ನೀನು ಅವನ ಕುರ್ಚೀಲಿ ಕೂತಿದೀಯ."

ಉಮಾಶಂಕರ ಪೆನ್ನಿನ ಕ್ಯಾಪ್ ಹಾಕಿದ. ಆರ್ಡರನ್ನು ಮಡಿಸಿ ಜೇಬಿಗಿಟ್ಟುಕೊಂಡ. ಬೆಳಿಗ್ಗೆ ಒಂದೇ ಹುದ್ದೆಯಲ್ಲಿ ಹಂಗಾಮಿಯಾಗಿದ್ದವನು ಸಂಜೆ ಎರಡರಲ್ಲಿ ಹಂಗಾಮಿಯಾಗಿ ಮನೆಗೆ ಹೋದ.